ಬೀಗಿತ್ತಿಯ ಇಟಾಲಿಯನ್

ಕಮಲವ್ವನವರು ನನ್ನ ಸೊಸೆ ಪೂರ್ಣಿಮಾಳ ತಾಯಿ. ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಇನ್ನೊಬ್ಬರಿಲ್ಲ. ಯಾಕೆಂದರೆ ಅವರನ್ನು ಕಂಡು ನನ್ನಷ್ಟು ಹೊಟ್ಟೆ ಉರಿದುಕೊಂಡವರೂ ಇನ್ನೊಬ್ಬರಿಲ್ಲ.

ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತೆಂಟು ವರ್ಷ ಖಾನಾವಳಿ ನಡೆಸಿದ ಹೆಂಗಸು. ಓದಿದ್ದು ನಾಲ್ಕನೇ ಕ್ಲಾಸು. ಊಟಕ್ಕೆ ಬರುತ್ತಿದ್ದ ಲಾರಿ ಡ್ರೈವರುಗಳಿಂದ ಮರಾಠಿ, ತೆಲುಗು, ಹಿಂದಿ ಕಲಿತವರು. ರೊಟ್ಟಿ ಬಡಿಸುತ್ತಾ ಕಲಿತದ್ದು, ಅಷ್ಟೇ. ನಾನೋ, ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಗಂಡಂದಿರು ಹೋದ ಮೇಲೆ ಇಬ್ಬರೂ ಒಂದೇ ವರ್ಷ ಅಮೆರಿಕದ ಕರ್ಕ್‌ಲ್ಯಾಂಡಿನ ಮನೆಗೆ ಬಂದು ಸೇರಿದೆವು. ಅವರ ಮಗಳಿಗೂ ನನ್ನ ಮಗನಿಗೂ ಸೇರಿದ ಮನೆ, ಅಕ್ಕಪಕ್ಕದ ಎರಡು ಕೋಣೆ.

ಮೊದಲ ವರ್ಷ ನನಗೆ ಸುಖವಾಗಿಯೇ ಇತ್ತು. ಅವರಿಗೆ ಇಂಗ್ಲಿಷ್ ಬಾರದು. ಡಾಕ್ಟರಿಗೆ ಅವರ ಮಂಡಿನೋವು ಹೇಳುವವಳು ನಾನು, ಔಷಧಿ ಅಂಗಡಿಯಲ್ಲಿ ಮಾತಾಡುವವಳು ನಾನು. ಎಲ್ಲ ಕಡೆ ಅವರ ಹೆಸರಿನ ಮುಂದೆ ನನ್ನ ಫೋನ್ ನಂಬರು. ನಿವೃತ್ತಳಾದ ಮೇಲೆ ಸಿಕ್ಕ ಹುದ್ದೆ ಅದು. ಬೇಸರದಿಂದ ಮಾಡುವವಳ ಹಾಗೆ ನಿಟ್ಟುಸಿರು ಬಿಡುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಿದ್ದೆ.

2017ರಲ್ಲಿ ನನ್ನ ಮಗ ಕಶ್ಯಪ್ ಒಂದು ದಿನ ಹೇಳಿದ: "ಅಮ್ಮ, ಯೂನಿವರ್ಸಿಟಿ ಡಿಸ್ಟ್ರಿಕ್ಟಲ್ಲಿ ಇಟಾಲಿಯನ್ ಕ್ಲಾಸ್ ಇದೆ. ನಿನಗೆ ಲ್ಯಾಂಗ್ವೇಜ್ ಅಂದ್ರೆ ಇಷ್ಟ ಅಲ್ವಾ, ರಿಜಿಸ್ಟರ್ ಮಾಡಿದೀನಿ. ಅತ್ತೇನೂ ಕರ್ಕೊಂಡು ಹೋಗು, ಬಸ್ಸಲ್ಲಿ ಜೊತೆ ಆಗತ್ತೆ."

ಪಾಪ, ಮೂಲೆಯಲ್ಲಿ ಕೂತಿರಲಿ ಎಂದು ನಾನು ದೊಡ್ಡ ಮನಸ್ಸು ಮಾಡಿದೆ.

ಇಟಲಿಯ ಭಾಷೆ, ಸಂಸ್ಕೃತಿಯನ್ನು ಹೊರದೇಶದಲ್ಲಿ ಬೆಳೆಸುವುದಕ್ಕೆಂದೇ ಇರುವ ಸಂಸ್ಥೆ ಅದು. ಪುಸ್ತಕದಂಗಡಿಯೊಂದರ ಮೇಲೆ ಎರಡು ಕೋಣೆ. ಗೋಡೆ ತುಂಬ ಇಟಲಿಯಿಂದ ಬಂದ ಪುಸ್ತಕ, ತಿಂಗಳಿಗೊಂದು ಸಿನಿಮಾ, ಕಾಫಿ. ಅಜ್ಜ ಅಜ್ಜಿ ಬಿಟ್ಟು ಬಂದ ಭಾಷೆಯನ್ನು ಮೊಮ್ಮಕ್ಕಳು ಬಿಳಿಕೂದಲು ಬಂದ ಮೇಲೆ ಹುಡುಕಿಕೊಂಡು ಬರುತ್ತಿದ್ದರು. ಪಕ್ಕದೂರು ಬೆಲ್ವ್ಯೂನಲ್ಲಿ ನಮ್ಮ ಕನ್ನಡ ಕ್ಲಾಸಿಗೆ ಐದು ಮಕ್ಕಳನ್ನು ಕೂಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಮೊದಲ ದಿನವೇ ಆ ಪುಸ್ತಕದ ಬೀರು ನೋಡಿ ನನಗೆ ಅಸೂಯೆ ಹತ್ತಿತು. ಅಂದರೆ ಆ ಕೋಣೆಗೆ ಕಾಲಿಟ್ಟ ಗಳಿಗೆಯೇ ಸರಿಯಿರಲಿಲ್ಲ.

ಟೀಚರ್ ಒರ್ನೆಲ್ಲಾ ಐವತ್ತರ ಹೆಂಗಸು, ಸಣ್ಣಗೆ, ಚುರುಕು. ಅವಳ ಕ್ಲಾಸಿಗೆ ಒಂದೇ ನಿಯಮ: ಇಂಗ್ಲಿಷ್ ಬಾಯಿಗೆ ಬರಕೂಡದು. ಬಂದರೆ ಮುಂದಿನ ವಾರ ಎಲ್ಲರಿಗೂ ತಿಂಡಿ ತರಬೇಕು.

ನನ್ನ ಆಸ್ತಿಯನ್ನೆಲ್ಲ ಬಾಗಿಲಲ್ಲೇ ಕಸಿದುಕೊಂಡಂತಾಯಿತು. ಇಟಾಲಿಯನ್ ಪದ ಕೇಳಿದೊಡನೆ ನನ್ನ ತಲೆ ಇಂಗ್ಲಿಷಿಗೆ ಓಡುತ್ತಿತ್ತು, ಅಲ್ಲಿಂದ ವಾಪಸು ಬರುವಷ್ಟರಲ್ಲಿ ಪ್ರಶ್ನೆ ಮುಂದಿನವರ ಹತ್ತಿರ ಹೋಗಿರುತ್ತಿತ್ತು. ಕಮಲವ್ವನವರಿಗೆ ಆ ತಾಪತ್ರಯವೇ ಇಲ್ಲ. ಒರ್ನೆಲ್ಲಾ ಬ್ರೆಡ್ಡು ಎತ್ತಿ 'ಪಾನೆ' ಎಂದರೆ ಇವರೂ 'ಪಾನೆ' ಎಂದು ಇನ್ನೊಂದು ತುಂಡು ಕೇಳಿಬಿಡುತ್ತಿದ್ದರು. ತಪ್ಪಾದರೆ ನಾಚಿಕೆಯಿಲ್ಲ, ನಕ್ಕು ಮತ್ತೆ ಹೇಳುವುದು. ಮೂರು ತಿಂಗಳಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಮುದುಕನ ಸೊಸೆ ಎಂಥವಳು ಎಂಬುದೂ ಅವರಿಗೆ ಗೊತ್ತಾಗಿತ್ತು. ನನಗೆ ಅವನ ಹೆಸರೂ ಗೊತ್ತಿರಲಿಲ್ಲ.

ತಿಂಡಿ ತರುವ ಸರದಿ ನನಗೆ ನಾಲ್ಕು ಸಲ ಬಂತು. ಒಮ್ಮೆ ಬೆಳಿಗ್ಗೆ ಎದ್ದು ಕೋಡುಬಳೆ ಕರಿದೆ. ಇದರಲ್ಲಿ ಏನೇನು ಹಾಕುತ್ತಾರೆ ಎಂದು ಎಲ್ಲರೂ ಕೇಳಿದರು. ನಾನು ಪದಕ್ಕೆ ತಡಕಾಡುತ್ತಿರುವಾಗ ಕಮಲವ್ವನವರು ಅರ್ಧ ಮಾತಿನಲ್ಲಿ, ಅರ್ಧ ಕೈಯಲ್ಲಿ ಹಿಟ್ಟು ಕಲಸಿ, ಹೊಸೆದು, ಎಣ್ಣೆಗೆ ಬಿಟ್ಟು ತೋರಿಸಿದರು. ಕ್ಲಾಸು ಚಪ್ಪಾಳೆ ತಟ್ಟಿತು. ಕರಿದವಳು ನಾನು! "ಅಕ್ಕಾರ ಕೈ ರುಚಿ ಭಾಳ ಛಲೋ" ಎಂದು ನನ್ನ ಕಡೆ ಕೈ ತೋರಿಸಿದರು ನಿಜ. ಅದು ಇನ್ನೂ ಉರಿಸಿತು.

ಅಕ್ಟೋಬರಿನಲ್ಲಿ ಸಂಸ್ಥೆಯ ವಾರ್ಷಿಕ ಸಮಾರಂಭ. ಪ್ರತಿ ವರ್ಷ ಹೊಸಬರ ಕ್ಲಾಸಿನಿಂದ ಒಬ್ಬರು ವೇದಿಕೆಯ ಮೇಲೆ ಐದು ನಿಮಿಷ ಇಟಾಲಿಯನ್‌ನಲ್ಲಿ ಮಾತಾಡುವ ಪದ್ಧತಿ. ಅದು ನನಗೇ ಎಂದುಕೊಂಡಿದ್ದೆ. ಆಡುವ ಮಾತಿನಲ್ಲಿ ಅವರು ಮುಂದಿರಬಹುದು, ಭಾಷಣ ಬೇರೆ ವಿಷಯ. ಬರೆದು ಬಾಯಿಪಾಠ ಮಾಡಿದ್ದೆ. ಮೈಸೂರು ಸಿಲ್ಕ್ ಸೀರೆಯನ್ನು ಇಸ್ತ್ರಿ ಮಾಡಿ ತೂಗುಹಾಕಿದ್ದೂ ಆಯಿತು.

ಒಂದು ಬುಧವಾರ ಒರ್ನೆಲ್ಲಾಳ ಫೋನು ಬಂತು. ಫೋನಿನಲ್ಲಿ ಅವಳೂ ಇಂಗ್ಲಿಷ್ ಮಾತಾಡುತ್ತಾಳೆ.

"ಕೌಸಲ್ಯಾ, ಕಮಲಾಗೆ ಹೇಳ್ತೀರಾ? ಈ ಸಲ ಅವರೇ ಮಾತಾಡಬೇಕು, ಖಾನಾವಳಿ ಬಗ್ಗೆ. ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಲಿ, ಆಮಂತ್ರಣ ಅಚ್ಚಿಗೆ ಹೋಗತ್ತೆ."

"ಖಂಡಿತ ಹೇಳ್ತೀನಿ" ಎಂದೆ.

ಕಮಲವ್ವನವರು ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದರು. ನಾನು ಅಲ್ಲಿಯವರೆಗೆ ಹೋದೆ. ನೀರು ಕುಡಿದು ಬಂದೆ. ಗುರುವಾರ ಹೇಳೋಣ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಅವರು ಸ್ಟವ್ ಮುಂದೆ ನಿಂತು ಇಟಾಲಿಯನ್‌ನಲ್ಲಿ ಏನೋ ಗುನುಗುತ್ತಿರುವುದು ಕೇಳಿ ಹಾಗೇ ಕೋಣೆಗೆ ವಾಪಸಾದೆ. ಶುಕ್ರವಾರ ಸಂಜೆ ಐದು ಹೊಡೆದಾಗ ಗಡಿಯಾರ ನೋಡಿದೆ. ಮರೆತೆ ಎಂದು ಹೇಳಿಕೊಳ್ಳಲು ನನಗೆ ಮುಖವಿಲ್ಲ. ಗಳಿಗೆಗೊಮ್ಮೆ ಅದೇ ನೆನಪಾಗುತ್ತಿತ್ತು.

ಮುಂದಿನ ಮಂಗಳವಾರ ಕ್ಲಾಸಿನಲ್ಲಿ ಒರ್ನೆಲ್ಲಾ ಬೇಸರದ ಮುಖ ಮಾಡಿಕೊಂಡು ಬಂದಳು. ನಿಧಾನವಾಗಿ, ನನಗೂ ಅರ್ಥವಾಗುವ ಇಟಾಲಿಯನ್‌ನಲ್ಲಿ ಕೇಳಿದಳು: ಕಮಲಾ, ಯಾಕೆ ಉತ್ತರ ಕೊಡಲಿಲ್ಲ? ಕೌಸಲ್ಯಾ ನಿಮಗೆ ಹೇಳಲಿಲ್ಲವೇ? ಭಾಷಣವನ್ನು ಈಗ ಸಂಜೆ ಬ್ಯಾಚಿನ ದಂತವೈದ್ಯರಿಗೆ ಕೊಟ್ಟಾಯಿತಲ್ಲ.

ನನಗೂ ಅಲ್ಲ, ದಂತವೈದ್ಯನಿಗೆ!

ಕಮಲವ್ವನವರು ನನ್ನ ಕಡೆ ತಿರುಗಿ ಒಮ್ಮೆ ನೋಡಿದರು. ಲೆಕ್ಕ ತಪ್ಪಿ ಎರಡು ರೊಟ್ಟಿ ಹೆಚ್ಚು ತಿಂದವನನ್ನು ಖಾನಾವಳಿಯವರು ನೋಡುವ ಹಾಗೆ. ಆಮೇಲೆ ಒರ್ನೆಲ್ಲಾಗೆ ಇಟಾಲಿಯನ್‌ನಲ್ಲೇ ಹೇಳಿದರು: ಅಕ್ಕ ಹೇಳಿದ್ದರು. ನಾನೇ ಮರೆತೆ.

ನಾಚಿಕೆಯಿಂದ ಕುಗ್ಗಿಹೋದೆ. ಆದರೂ, ಆ ಸುಳ್ಳನ್ನೂ ಎಷ್ಟು ಸರಾಗವಾಗಿ ಹೇಳಿದರಲ್ಲ ಎಂದು ಆ ಗಳಿಗೆಯಲ್ಲೂ ಒಂದು ಚೂರು ಉರಿಯಿತು. ನನ್ನ ಸ್ವಭಾವ ಅಂಥದ್ದು.

ವಾಪಸು ಬರುವಾಗ ಬಸ್ಸು 520ನೇ ಹೆದ್ದಾರಿಯ ಸೇತುವೆ ಹತ್ತಿತು. ಕೊನೆಗೆ ನಾನೇ ಕೇಳಿದೆ: "ಯಾಕೆ ಹಾಗೆ ಹೇಳಿದ್ರಿ? ನಾನು ನಿಮಗೆ ಹೇಳೇ ಇರಲಿಲ್ವಲ್ಲ."

"ಅಕಿ ಮುಂದ ನಮ್ಮ ಮನಿ ಮಾತು ಯಾಕ್ರಿ ಅಕ್ಕಾರ?" ಎಂದರು. "ಮಕ್ಕಳಿಗೂ ಹೇಳಂಗಿಲ್ಲ ನಾನು. ಅಂಜಬ್ಯಾಡ್ರಿ."

ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮ ಚೀಲದಿಂದ ಒಂದು ಚೀಟಿ, ಪೆನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು.

"ನನ್ನ ಫೋನಿನ ನಂಬರ್ ಬರದುಕೊಡ್ರಿ. ಮುಂದಿನ ವಾರ ಅಕಿಗೆ ಕೊಡ್ತೀನಿ. ದವಾಖಾನಿಯವ್ರಿಗೂ ಅದನ್ನ ಕೊಟ್ಟರಾತು."

ಬರೆದೆ. ಹತ್ತು ಅಂಕಿ. ಒಂದನ್ನು ತಪ್ಪು ಬರೆದರೆ ಎಂಬ ಯೋಚನೆ ಬಂದು ಹೋದದ್ದನ್ನು ಮುಚ್ಚಿಡುವುದಿಲ್ಲ. ತಪ್ಪು ಬರೆಯಲಿಲ್ಲ.

ಕಮಲವ್ವನವರು ಚೀಟಿ ತೆಗೆದುಕೊಂಡು, "ನಿಮ್ಮ ಫೋನ್ ಸ್ವಲ್ಪ ಕೊಡ್ರಿ" ಎಂದರು. ಕೊಟ್ಟೆ. ಚೀಟಿ ನೋಡುತ್ತ, ಒಂದೊಂದೇ ಅಂಕಿ ಒತ್ತುತ್ತ, ಗಟ್ಟಿಯಾಗಿ ಇಟಾಲಿಯನ್‌ನಲ್ಲಿ ಎಣಿಸಿದರು: "ಕ್ವಾತ್ರೊ, ದೂಯೆ, ಚಿಂಕ್ವೆ..." ಹತ್ತೂ ಮುಗಿದವು. ಅವರ ಚೀಲದೊಳಗೆ ಫೋನು ಬಡಿದುಕೊಂಡಿತು.

"ಬರೋಬ್ಬರಿ ಐತ್ರಿ" ಎಂದು ನನ್ನ ಫೋನನ್ನು ನನಗೆ ಕೊಟ್ಟು, ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.