ಕಚಕಚ ಮಾಮನ ಕಂಕುಳ ಗಾಯ

ಕಚಕಚ ಮಾಮನ ಬಲಗೈಗೆ ಸುಮ್ಮನಿರುವುದೆಂದರೆ ಏನೆಂದೇ ಗೊತ್ತಿರಲಿಲ್ಲ. ಅವನ ಕ್ಷೌರದಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಬೆರಳುಗಳು ಬರಿಗಾಳಿಯನ್ನೇ ಕಚಕಚ ಕತ್ತರಿಸುತ್ತಿದ್ದವು. ಮನೆಯಲ್ಲಿ ಮಾತಿಗೆ ಕೂತರೂ ಅದೇ ಚಾಳಿ. ಹೆಂಡತಿ ಆ ಬೆರಳುಗಳನ್ನು ಗಪ್ಪನೆ ಹಿಡಿದು, "ಸುಮ್ನೆ ಇಡಿ ಅದನ್ನ" ಎನ್ನುತ್ತಿದ್ದಳು. ಅವಳು ಕೈ ಬಿಟ್ಟ ಮರುಕ್ಷಣ ಮತ್ತೆ ಶುರು. ಓಣಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ, ಅವನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಜೀವಮಾನವಿಡೀ ಊರವರ ತಲೆಯ ಮೇಲೆ ಎತ್ತಿ ಹಿಡಿದಿದ್ದ ಆ ತೋಳು ಕೊನೆಗೆ ಮುಷ್ಕರ ಹೂಡಿತು. ಭುಜದ ಕೀಲು ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ, ಹೊಸ ಕೀಲು ಹಾಕಲೇಬೇಕು ಎಂದರು ಡಾಕ್ಟರು. ಗಿರಾಕಿಯ ನೆತ್ತಿಗೂ ಕೈ ಎಟುಕದ ಕ್ಷೌರಿಕ ಇನ್ನೇನು ಮಾಡಿಯಾನು? ಅಂಗಡಿಗೆ ಬೀಗ ಹಾಕಿ ತಿಂಗಳುಗಟ್ಟಲೆ ಸರದಿ ಕಾದ. ಅಂತೂ ದಿನ ಗೊತ್ತಾಯಿತು.

ಆಪರೇಷನ್ ಕೋಣೆಯ ನರ್ಸಮ್ಮ ಮುಂಚೆಯೇ ಗಂಡಹೆಂಡಿರಿಬ್ಬರನ್ನೂ ಕೂರಿಸಿ ಹೇಳಿದ್ದಳು. ಭುಜದ ಚರ್ಮದಲ್ಲಿ, ಕೂದಲಿನ ಬುಡದಲ್ಲಿ, ಒಂದು ಜಾತಿಯ ಸೂಕ್ಷ್ಮಾಣು ಎಲ್ಲರಿಗೂ ಇರುತ್ತದೆ. ಅಲ್ಲಿದ್ದಷ್ಟು ದಿನ ಅದರ ಪಾಡಿಗೆ ಅದು. ಕೊಯ್ದಾಗ ಒಳಗೆ ಜಾರಿ ಹೊಸ ಕೀಲಿಗೆ ಅಂಟಿಕೊಂಡರೆ ಮಾತ್ರ ಕಥೆ ಮುಗಿಯಿತು. ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತು ಕೀಲನ್ನೇ ಕೆಡಿಸುತ್ತದೆ. ಸೋಪಿಗೆಲ್ಲ ಅದು ಬಗ್ಗುವುದಿಲ್ಲ, ಅದಕ್ಕೇ ಈ ಮುಲಾಮು. ಹಚ್ಚಿಕೊಳ್ಳಿ, ಆದರೆ ಅಲ್ಲಿ ಕತ್ತಿ ಮಾತ್ರ ಆಡಿಸಬೇಡಿ, ಗೀರು ಬಿದ್ದರೆ ಆಪರೇಷನ್ ಇಲ್ಲ ಎಂದಿದ್ದಳು.

ಕೊಟ್ಟದ್ದು ಮೊಡವೆಯ ಮುಲಾಮು. ಈ ವಯಸ್ಸಿನಲ್ಲಿ ಮೊಡವೆಗೆ ಮದ್ದೇ ಎಂದು ಮಾಮನಿಗೆ ನಗು. ಹೆಂಡತಿ ನಗಲಿಲ್ಲ; ದಿನಾ ತಾನೇ ಭುಜಕ್ಕೂ ಕಂಕುಳಿಗೂ ಸವರಿದಳು. ಅದು ತಾಗಿ ದಿಂಬಿನ ನೀಲಿ ಬಟ್ಟೆ ಅಲ್ಲಲ್ಲಿ ಬೆಳ್ಳಗಾದಾಗ ಮಾತ್ರ ಆಸ್ಪತ್ರೆಯವರಿಗೆ ನಾಲ್ಕು ಮಾತು ಬೈದಳು.

ಎಲ್ಲ ನೆಟ್ಟಗೇ ನಡೆದಿತ್ತು. ಆದರೆ ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಮಾಮ ಬಚ್ಚಲ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ಇಷ್ಟು ರೋಮ ಇಟ್ಟುಕೊಂಡು ಇನ್ನೊಬ್ಬರ ಮೇಜಿನ ಮೇಲೆ ಹೇಗೆ ಮಲಗುವುದು? ಕ್ಷೌರಿಕನಿಗೇ ಕ್ಷೌರವಿಲ್ಲವೇ ಎಂದು ಡಾಕ್ಟರು ಆಡಿಕೊಳ್ಳುವುದಿಲ್ಲವೇ? ನರ್ಸಮ್ಮ ಹೇಳಿದ್ದು ಕೈ ಪಳಗದ ಮಂದಿಗೆ, ತನಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕತ್ತಿ ತೆಗೆದ. ಬಲತೋಳು ಮೇಲೇಳದು, ಹಿಡಿದದ್ದು ಎಡಗೈಯಲ್ಲಿ. ಊರಿಗೆಲ್ಲ ಕ್ಷೌರ ಮಾಡಿ ಒಬ್ಬರಿಗೂ ಗೀರು ಬೀಳಿಸದ ಮಹಾರಾಯ ತನ್ನ ಕಂಕುಳನ್ನೇ ಕೊಯ್ದುಕೊಂಡ. ರಕ್ತ ನಿಂತಿತು. ಅಂಗಿ ಹಾಕಿಕೊಂಡು ಬಾಯಿಗೆ ಬೀಗ ಜಡಿದ.

ಆಸ್ಪತ್ರೆಯಲ್ಲಿ ಮುಳ್ಳಿನ ಮೇಲೆ ಕೂತ ಹಾಗಾಯಿತು. ಎದ್ದ, ಕೂತ, ನೀರು ಕೊಡಬಾರದೆಂದು ಗೊತ್ತಿದ್ದೂ ನೀರು ಕೇಳಿದ. ಪರೀಕ್ಷೆ ಮಾಡಲು ಬಂದಾಕೆ ಭುಜ ನೋಡಿದಳು. ಏಳದ ತೋಳಿನ ಮಡಿಕೆಯೊಳಗೆ ಇಣುಕಲಿಲ್ಲ. ಬದುಕಿದೆ ಎಂದುಕೊಂಡ. ಹೇಳಿದರೆ ಮತ್ತೆ ಸರದಿ, ಮತ್ತೆ ಬೀಗ. ಹೇಳದಿದ್ದರೆ ಏನಾದೀತು? ಆ ಯೋಚನೆ ಬಂದಾಗಲೆಲ್ಲ ಬೆರಳು ಕಚಕಚ ಎನ್ನುತ್ತಿದ್ದವು.

ಗಾಲಿಮಂಚವನ್ನು ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಬಾಗಿಲ ಗಾಜಿನಾಚೆ ನರ್ಸಮ್ಮ ಒಬ್ಬಳೇ ಸಲಕರಣೆ ಜೋಡಿಸಿ ಬಟ್ಟೆ ಮುಚ್ಚುತ್ತಿದ್ದಳು. ತಿರುಗುವಾಗ ಅವಳ ಕೈಗವಸಿನ ತುದಿ ಪಕ್ಕದ ಕಪಾಟನ್ನು ಸವರಿತು. ಸವರಿತೋ ಇಲ್ಲವೋ ಎನ್ನುವಷ್ಟೇ. ಕೋಣೆಯೊಳಗೆ ನೋಡುವವರು ಯಾರೂ ಇರಲಿಲ್ಲ. ಆದರೂ ಅವಳು ಒಂದು ಗಳಿಗೆ ನಿಂತು, ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಹೊಸದನ್ನು ತೊಟ್ಟಳು.

ಮಾಮನಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಒಳಗೆ ತಳ್ಳಿದ ಕೂಡಲೇ ಹೇಳಿಬಿಟ್ಟ: "ನರ್ಸಮ್ಮ, ಕಂಕುಳಲ್ಲಿ ಒಂದು ಗಾಯ ಇದೆ. ನಾನೇ ಕತ್ತಿ ಹಾಕ್ಕೊಂಡೆ."

ಡಾಕ್ಟರು ಬಂದು ನೋಡಿದರು, ಆಪರೇಷನ್ ಮುಂದಕ್ಕೆ ಹಾಕಿದರು. ಹೊರಗೆ ಕಾಯುತ್ತಿದ್ದ ಹೆಂಡತಿ ಸುದ್ದಿ ಕೇಳಿ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಮನೆಗೆ ಬಂದವಳೇ ಕತ್ತಿಯ ಪೆಟ್ಟಿಗೆಯನ್ನು ತನ್ನ ಸೀರೆಗಳ ಅಡಿಗಿಟ್ಟು ಬೀಗ ಹಾಕಿದಳು. ಗಾಯ ಮಾಯುವವರೆಗೆ ಮಾಮ ಬಾಗಿಲಿಗೂ ಕಿಟಕಿಗೂ ಅಲೆದ. ಅಂಗಡಿಯ ಮುಂದೆ ಹಾದುಹೋಗಬೇಕಾಗುತ್ತದೆಂದು ಓಣಿಗೇ ಇಳಿಯಲಿಲ್ಲ.

ಎರಡನೆಯ ಸಲ ಹೋದಾಗ ಹೆಂಡತಿ ಸವರಿದ ಮುಲಾಮು ಬಿಟ್ಟರೆ ಅವನ ಮೈಗೆ ಬೇರೇನೂ ಸೋಕಿರಲಿಲ್ಲ. ಹೊರಕೋಣೆಯಲ್ಲಿ ನರ್ಸಮ್ಮ ಗೀರು ಬೀಳಿಸದ ಸಣ್ಣ ಯಂತ್ರ ತಂದು ಭುಜದ, ಕಂಕುಳ ಕೂದಲು ಕತ್ತರಿಸಿದಳು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ, ನಡುವೆ ಒಂದು ಪಟ್ಟಿ ಬಿಟ್ಟೇ ಹೋಯಿತು. ಮಾಮ ಹಲ್ಲು ಕಚ್ಚಿ ಮಲಗಿದ್ದ.

"ಸರಿಯಾಯ್ತಾ?" ಎಂದು ಕೇಳಿದಳು.

"ಇಷ್ಟು ಚೆನ್ನಾಗಿ ನನಗೂ ಬರಲ್ಲ" ಎಂದ. ಕ್ಷೌರದ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

ಆಪರೇಷನ್ ಮುಗಿದು ಎಚ್ಚರವಾದಾಗ ಬಲತೋಳೇ ಇಲ್ಲದಂತಿತ್ತು. ಮದ್ದಿನಿಂದ ಮರಗಟ್ಟಿದೆ, ಇಳಿಯುತ್ತದೆ ಎಂದರು. ಆ ಜಡ ತೋಳನ್ನು ನೋಡುತ್ತ ಅವನಿಗೆ ಜೀವ ಹಾರಿಹೋಗುವಷ್ಟು ದಿಗಿಲು. ಮರುದಿನ ಬೆಳಗ್ಗೆ ಡಾಕ್ಟರು ಬಂದು, ಆ ಸೂಕ್ಷ್ಮಾಣು ಸೋಮಾರಿ, ಒಂದೆರಡು ವರ್ಷ ಕಣ್ಣಿಟ್ಟಿರಬೇಕು, ಆದರೆ ನಮ್ಮಿಂದಾದ ಎಚ್ಚರವೆಲ್ಲ ಆಗಿದೆ ಎಂದು ಹೇಳಿ ಹೋದರು. ಹೆಂಡತಿ ಮಂಚದ ಪಕ್ಕದಲ್ಲೇ ಕೂತಿದ್ದಳು, ರಾತ್ರಿಯಿಡೀ ಕಣ್ಣು ಮುಚ್ಚಿದಂತಿರಲಿಲ್ಲ.

ಆಮೇಲೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು. ಮಾಮ ಉಸಿರು ಬಿಗಿಹಿಡಿದ. ತೋರುಬೆರಳು ಅಲುಗಿತು, ನಡುಬೆರಳು ಅಲುಗಿತು. ಮತ್ತೆ ಎರಡೂ ಕೂಡಿದವು, ಬಿಟ್ಟವು, ಕೂಡಿದವು.

ಹೆಂಡತಿಯ ಕೈ ಎಂದಿನಂತೆ ಅವನ್ನು ಹಿಡಿಯಲು ಬಂತು. ಬಂದದ್ದು ನಡುವೆಯೇ ನಿಂತಿತು.

"ಆಡ್ಸಿ," ಎಂದಳು. ಅವಳಿಗೆ ಅಳು ಬಂದಿತ್ತು.