ಕೆರೂರ ಸಭೆಯ ಪಟ್ಟಿ ಮತ್ತು ಕಲ್ಲು ಕೆತ್ತುವ ಚಂದಪ್ಪ

ಕೆರೂರಿನ ಸಂತೆ ಬಯಲಿನ ಹಿಂದೆ ಕೆಂಪುಕಲ್ಲಿನ ಸಣ್ಣ ಲೂಥರನ್ ದೇವಾಲಯವಿದೆ. ಸಭೆಗೆ ಸೇರಿದ ಮನೆಗಳು ಈಗ ಮೂವತ್ತೆಂಟು. ನೂರು ವರ್ಷ ತುಂಬುತ್ತದೆಂದು ಸಭೆಯ ಇತಿಹಾಸವನ್ನು ಪುಸ್ತಕ ಮಾಡಲು ಹಿರಿಯರು ನಿಶ್ಚಯಿಸಿದರು. ದಫ್ತರಗಳನ್ನು ತೆಗೆದು ನೋಡಿದರೆ ಹುಟ್ಟು-ಸಾವು ಬರೆದಿಟ್ಟ ಹಳೆಯ ಎರಡನ್ನೂ ಗೆದ್ದಲು ತಿಂದು ಮಣ್ಣು ಮಾಡಿತ್ತು. ಯಾರು ಯಾವಾಗ ಹುಟ್ಟಿದರು, ಯಾವಾಗ ದೀಕ್ಷಾಸ್ನಾನ ಪಡೆದರು, ಯಾವಾಗ ತೀರಿಕೊಂಡರು ಎಂದು ಕೇಳಲು ಉಳಿದವನು ಚಂದಪ್ಪ ಒಬ್ಬನೇ.

ಎಪ್ಪತ್ತೊಂದು ತುಂಬಿದ ಚಂದಪ್ಪ ಐವತ್ತು ವರ್ಷದಿಂದ ಸಭೆಯ ಸಮಾಧಿಗಳಿಗೆ ಕಲ್ಲು ಕೆತ್ತಿದವನು. ಮೂರನೇ ಇಯತ್ತೆಗೇ ಸಾಲೆ ಬಿಟ್ಟಿದ್ದರೂ ಅಕ್ಷರಗಳು ಅವನ ಉಳಿಯ ಮಾತು ಕೇಳುತ್ತಿದ್ದವು. ಒಮ್ಮೆ ಕೆತ್ತಿದ ತಾರೀಖು ತಲೆಯಿಂದ ಅಳಿಯುತ್ತಿರಲಿಲ್ಲ. ತೀರಿಕೊಂಡ ತನ್ನ ಅಪ್ಪನ ವಯಸ್ಸಿಗೆ ಐದು ವರ್ಷ ಕೂಡಿಸಿ ನೂರು ಮಾಡೆಂದು ಹಿರಿಯನೊಬ್ಬ ಗಂಟುಬಿದ್ದಾಗ, ‘ಬ್ಯಾರೇದವ್ರ ಕಡಿಂದ ಕೆತ್ತಿಸ್ಕೋರಿ’ ಎಂದು ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಎದ್ದುಬಂದಿದ್ದ.

ಹೆಂಡತಿ ದುರಗವ್ವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಚಂದಪ್ಪನ ಜೀವಕ್ಕೇ ಜೋಮು ಹಿಡಿದಂತಿತ್ತು. ಅತ್ತಿರಲಿಲ್ಲ. ಬೆಳಿಗ್ಗೆ ಎದ್ದು ದೇವಾಲಯದ ಗಂಟೆ ಹೊಡೆಯುತ್ತಿದ್ದ. ತಾಟಿಗೆ ಬಿದ್ದದ್ದನ್ನು ತಿನ್ನುತ್ತಿದ್ದ, ಪಲ್ಯಕ್ಕೆ ಉಪ್ಪಿಲ್ಲದ್ದು ತಿಳಿಯುತ್ತಿರಲಿಲ್ಲ. ಹೆಬ್ಬೆರಳ ಉಗುರು ಕರ್ರಗಾದದ್ದನ್ನು ಪಕ್ಕದ ಮನೆಯ ಲಾಡಬಿ ತೋರಿಸಿದ ಮೇಲೇ ನೋಡಿದ್ದ.

“ಅಯ್ಯ, ಸುತ್ತಿಗಿ ಯಾವಾಗ ಬಡಕೊಂಡ್ಯೋ ಅಣ್ಣಾ?”

“ಯಾರಿಗೆ ಗೊತ್ತವ್ವಾ.”

ಪುಸ್ತಕ ಬರೆಯುವ ಹೊಣೆ ಹೊತ್ತವನು ಹೈಸ್ಕೂಲು ಮಾಸ್ತರ ಪ್ರೇಮಕುಮಾರ. ಸಾಲೆ ಬಿಟ್ಟ ಮೇಲೆ ದಿನಾ ಬಂದು ಚಂದಪ್ಪನ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದ. ಚಂದಪ್ಪ ಒಂದೊಂದೇ ಮನೆತನ ಹಿಡಿದು ಹೇಳುತ್ತಿದ್ದ. ಹತ್ತು ದಿನದಲ್ಲಿ ಇಪ್ಪತ್ತಾರು ಮನೆ ಮುಗಿದವು. ಹನ್ನೊಂದನೆಯ ದಿನ ಪ್ರೇಮಕುಮಾರನ ಜೊತೆ ಸಭಾಪಾಲಕ ಸತ್ಯಮಿತ್ರ ಅಯ್ಯನವರೂ ಬಂದರು.

“ಇವತ್ತ ನಿನ್ನ ಮನಿತನದ ಪಾಳಿ ಕಾಕಾ” ಎಂದ ಪ್ರೇಮಕುಮಾರ. ಚಂದಪ್ಪ ಅಜ್ಜನದು ಹೇಳಿದ, ಅಪ್ಪನದು ಹೇಳಿದ, ತನ್ನದು ಹೇಳಿದ. ಹೆಂಡತಿಯ ಸಾಲಿಗೆ ಬಂದಾಗ ಪ್ರೇಮಕುಮಾರನ ಪೆನ್ನು ನಿಂತಿತು. ಪುಸ್ತಕದಲ್ಲಿ ದೀಕ್ಷಾಸ್ನಾನವಾದವರ ಹೆಸರಷ್ಟೇ ಹಾಕುವುದೆಂದು ಹಿರಿಯರು ಠರಾವು ಮಾಡಿದ್ದರು. ದುರಗವ್ವನಿಗೆ ಅದು ಆಗಿರಲಿಲ್ಲ.

ಅವಳು ಶಿರೂರಿನವಳು. ಮೂರು ಕೂಸು ಸತ್ತ ಮೇಲೆ ದುರಗವ್ವ ದೇವಿಗೆ ತಾಯಿ ಹರಕೆ ಹೊತ್ತು ಪಡೆದು ದೇವಿಯ ಹೆಸರನ್ನೇ ಇಟ್ಟ ಮಗಳು. ಅವಳ ಮಂದಿಯ ಪದ್ಧತಿಯಂತೆ ಲಗ್ನವಾದ ತಪ್ಪಿಗೆ ಚಂದಪ್ಪನನ್ನು ಸಭೆ ಎರಡು ವರ್ಷ ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನದಿಂದ ಹೊರಗಿಟ್ಟಿತ್ತು. ಲಗ್ನವಾಗಿ ಬಂದವಳು ನಲವತ್ತೆರಡು ವರ್ಷ ಒಂದು ಐತವಾರವನ್ನೂ ತಪ್ಪಿಸಲಿಲ್ಲ. ದೇವಾಲಯದ ಕಸ ಹೊಡೆದಳು, ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದಳು. ದೀಕ್ಷಾಸ್ನಾನ ಮಾತ್ರ ಒಲ್ಲೆ ಎಂದಳು. ‘ನಮ್ಮವ್ವ ಬೇಡಿ ಪಡದ ಜೀವ ಇದು. ಕೊಟ್ಟಾಕೀನ್ನ ಹ್ಯಾಂಗ ಬಿಡ್ಲಿ?’ ಎಂದು ನಗುತ್ತಿದ್ದಳು. ಎಲ್ಲರೂ ಭೋಜನಕ್ಕೆ ಮುಂದೆ ಹೋದಾಗ ಕೊನೆಯ ಬೆಂಚಿನಲ್ಲಿ ಅವರ ಕೂಸುಗಳನ್ನು ತೊಡೆ ತುಂಬ ಹಾಕಿಕೊಂಡು ಕೂರುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಪ್ರೇಮಕುಮಾರನೂ ಆ ತೊಡೆ ತೋಯಿಸಿದವನೇ. ಅವಳು ಸತ್ತಾಗ ತವರಿನವರು ಹೆಣ ಕೇಳಿದರು, ಚಂದಪ್ಪ ಕೊಟ್ಟ. ಶಿರೂರಿನಲ್ಲೇ ಅವಳ ಮಣ್ಣಾಯಿತು.

ಅಯ್ಯನವರು ಮಾತು ತೆಗೆದರು. “ಚಂದಪ್ಪನವರ, ಕಡೀ ದಿನಾ ದವಾಖಾನ್ಯಾಗ ನೀವೊಬ್ರ ಇದ್ರಿ, ಹೌದಲ್ರಿ?”

“ಹೌದ್ರಿ.”

“ಸಾಯೂ ಹೊತ್ತಿನ್ಯಾಗ ಪಾಸ್ಟರ್ ಸಿಗಲಿಲ್ಲಂದ್ರ ವಿಶ್ವಾಸಿ ಯಾರರ ನೀರು ಹಾಕಿ ದೇವರ ಹೆಸರು ಹೇಳಿದ್ರ ಅದೂ ದೀಕ್ಷಾಸ್ನಾನನ. ನೀವು ಹಂಗ ಮಾಡೀನಿ ಅಂದ್ರ ಸಾಕು, ನಾ ಸಾಕ್ಷಿ ಕೇಳೂದಿಲ್ಲ. ದಫ್ತರದಾಗ ಏರಸ್ತೀನಿ. ನಮ್ಮ ಸಮಾಧಿ ಜಾಗಾದಾಗ ಆಕೀ ಹೆಸರಿಲೆ ಒಂದ ಕಲ್ಲೂ ನಿಂದ್ರಸೂಣು.”

“ಹೂಂ ಅಂದಬಿಡು ಕಾಕಾ” ಎಂದ ಪ್ರೇಮಕುಮಾರ. “ಚಿಗವ್ವ ಇಲ್ಲದ ಇದೆಂಥಾ ಇತಿಹಾಸ?”

ಚಂದಪ್ಪ ಅಂಗಳ ನೋಡುತ್ತ ಕೂತ. ಬಾಗಲಕೋಟೆಯ ದವಾಖಾನೆಯಲ್ಲಿ ಅಂದು ಮಧ್ಯಾಹ್ನ ದುರಗವ್ವಗೆ ಎಚ್ಚರವಿರಲಿಲ್ಲ. ಅವನ ಕೈಯಲ್ಲಿ ಸ್ಟೀಲಿನ ಗ್ಲಾಸು, ಅದರಲ್ಲಿ ನೀರು. ಹೇಳಬೇಕಾದ ಮಾತು ಚಿಕ್ಕಂದಿನಿಂದ ಬಾಯಿಗೆ ಬರುತ್ತಿತ್ತು. ಹಾಕಿದರೆ ಆ ಲೋಕದಲ್ಲಿ ಇಬ್ಬರಿಗೂ ಭೇಟಿ, ಹಾಕದಿದ್ದರೆ ಇಲ್ಲ. ಅವನಿಗೆ ಕಲಿಸಿದ್ದು ಅದು, ಅವನು ನಂಬಿದ್ದೂ ಅದನ್ನೇ. ಬೆರಳು ಅದ್ದಿದ. ಹಣೆಯ ತನಕ ಒಯ್ದ. ಆಮೇಲೆ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಸಂಜೆ ಐದಕ್ಕೆ ಅವಳು ಹೋದಳು.

“ಮಾಡ್ಲಿಲ್ರಿ” ಎಂದ.

“ನೆನಪ ಮಾಡ್ಕೋರಿ. ಗಾಬರಿಯಾಗ ಮರತಿರ್ತೀರಿ.”

“ನೆನಪೈತ್ರಿ ಅಯ್ಯನೋರ. ನೀರು ಕೈಯಾಗಿತ್ತು. ಹಾಕ್ಲಿಲ್ಲ.”

“ಯಾಕ್ರಿ?”

“ಒಲ್ಲೆ ಅನ್ನಾಕ ಆಕಿಗೆ ಬಾಯಿ ಇರ್ಲಿಲ್ರಿ.”

ಪ್ರೇಮಕುಮಾರ ಮುಖ ಆಚೆ ತಿರುಗಿಸಿಕೊಂಡ.

“ಹಂಗಾದ್ರ ಪಟ್ಟಿಯೊಳಗ ಹೆಸರು ಹಾಕಾಕ ಬರೂದಿಲ್ಲ ಚಂದಪ್ಪನವರ” ಎಂದರು ಅಯ್ಯನವರು.

“ಬ್ಯಾಡ್ರಿ.”

ಹೇಳಿದ ಮೇಲಾದರೂ ಎದೆಯೊಳಗೆ ಏನಾದರೂ ಕದಲೀತೆಂದು ಚಂದಪ್ಪ ಕಾದ. ಕದಲಲಿಲ್ಲ. ಅಂಗಳದಲ್ಲಿ ಲಾಡಬಿಯ ಕೋಳಿ ಕೆದರುತ್ತಿತ್ತು. ಅದನ್ನೇ ನೋಡುತ್ತ ಮುಂದಿನ ಮನೆತನ ಹಿಡಿದ.

“ಲಾಜರಪ್ಪ. ತೀರಿಕೊಂಡದ್ದು ಎಪ್ಪತ್ನಾಕು, ಜೂನ್ ಹತ್ತೊಂಬತ್ತು. ಹೇಂತಿ ಸುಗುಣವ್ವ, ಎಂಬತ್ತೊಂದು, ಮಾರ್ಚ್ ಎರಡು.”

ಪೆನ್ನು ಅಲುಗಲಿಲ್ಲ.

“ಬರಕೋಳೋ ತಮ್ಮಾ,” ಎಂದ ಚಂದಪ್ಪ, “ಮಾರ್ಚ್ ಎರಡು.”