ಬಿಟ್ಟು ಓದಿದ ಸಾಲು

ಆಂಧ್ರದ ಆದೋನಿಯಲ್ಲಿ ನನ್ನ ಮೊದಲ ಇಂಗ್ಲಿಷ್ ಮನೆಪಾಠದ ದಿನ ಒಂಬತ್ತು ಮಕ್ಕಳಿಗೂ ಒಬ್ಬಳೇ ತಾಯಿ! ‘ನನ್ನ ಅಮ್ಮ’ ಎಂದು ಬರೆಯಲು ಹೇಳಿದ್ದೆ. ಎಲ್ಲರ ಪುಸ್ತಕದಲ್ಲೂ ಅಮ್ಮ ಶಾಲೆಯ ಟೀಚರು, ಸಂಜೆ ವೀಣೆ ನುಡಿಸುತ್ತಾಳೆ. ನಿಜವಾದ ಅಮ್ಮಂದಿರು ಹತ್ತಿ ಬಿಡಿಸಲು ಹೋಗಿದ್ದರು. ಉರು ಹೊಡೆಯುವುದಕ್ಕೆ ಇಲ್ಲಿ ‘ಬಟ್ಟೀ’ ಅನ್ನುತ್ತಾರೆ. ಗೈಡನ್ನು ಬಟ್ಟೀ ಹಾಕಿದರೆ ಮುಗಿಯಿತು. ನನಗೆ ಮೈಯೆಲ್ಲ ಉರಿದು, “ಸುಳ್ಳು ಬೇಡ, ನಿಮ್ಮದನ್ನೇ ಬರೀರಿ” ಎಂದು ಗದರಿದೆ.

ಗಂಡನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸವಾಗಿ ಮೈಸೂರಿನಿಂದ ಬಂದು ಎರಡು ವರ್ಷ. ಅಲ್ಲಿ ಬೆಳಿಗ್ಗೆ ಇಡ್ಲಿ, ಇಲ್ಲಿ ಮಂಡಕ್ಕಿಯ ಉಗ್ಗಾಣಿ, ಜೊತೆಗೆ ಬಾಯಿ ಸುಡುವ ಮೆಣಸಿನಕಾಯಿ ಬಜ್ಜಿ. ಅದಕ್ಕೆ ಒಗ್ಗಿಕೊಂಡೆ. ನನ್ನ ಮೈಸೂರು ಕನ್ನಡ ಕೇಳಿ ನಗುವ ಬೀದಿಗೆ ಮಾತ್ರ ಒಗ್ಗಲಿಲ್ಲ.

ಪಾಠಕ್ಕೆ ಬರುವವರಲ್ಲಿ ದೊಡ್ಡವಳು ನಾಗವೇಣಿ, ನಂದವರಂ ಕಡೆಯ ಹುಡುಗಿ, ನಮ್ಮ ಪಿಯುಸಿಗೆ ಸಮನಾದ ‘ಇಂಟರ್’ ಮುಗಿಸಿದ್ದಳು. ದೂರದ ಹಾಸ್ಟೆಲ್ ಕಾಲೇಜಿಗೆ ತನ್ನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ತಂದೆಯ ಸಹಿ ಹಾಕಿಸಿ ಕಳಿಸಬೇಕು. ಅದಕ್ಕೆ ಕೊನೆಯ ದಿನ ಬಂದೇಬಿಟ್ಟಿತು. ಕುರಿ ಸಾಕುವ ತಂದೆ ಬೀರಪ್ಪ ಪಾಠದ ಹೊತ್ತಿಗೆ ಬಂದು ಹೊಸ್ತಿಲ ಬಳಿ ಕೂತರು. ಅವರ ಮನೆತನದಲ್ಲಿ, ನಾಲ್ಕು ಜನರ ಮುಂದೆ ಓದಿಸದೆ ಯಾವ ಕಾಗದಕ್ಕೂ ಸಹಿ ಹಾಕುವ ಪದ್ಧತಿಯಿಲ್ಲ.

“ಓದ್ರಿ ಮೇಡಂ. ನಮ್ಮ ಮಾತಿನ್ಯಾಗ ಹೇಳ್ರಿ.”

ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕುರಿ, ಹೊಳೆ, ಅವ್ವ. ನಡುವೆ ಒಂದು ಸಾಲು ಬಂತು. ಅದನ್ನು ಹಾರಿಸಿ ಮುಂದೆ ಓದಿದೆ. ಸಹಿ ಬೀಳದಿದ್ದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತಲ್ಲ!

“ಮೇಡಂ, ಒಂದು ಸಾಲು ಬಿಟ್ರಿ,” ಅಂದಳು ನಾಗವೇಣಿ.

ಬೀರಪ್ಪ ನನ್ನನ್ನೇ ನೋಡಿದರು. ಮಕ್ಕಳೆಲ್ಲ ನೋಡಿದರು. ಬೇರೆ ದಾರಿಯಿರಲಿಲ್ಲ, ಓದಿದೆ: “ಸೋದರಮಾವನ ಜೊತೆ ನನ್ನ ಲಗ್ನ ನಿಶ್ಚಯವಾಗಿದೆ. ನನಗೆ ಬೇಡ. ಅಪ್ಪನಿಗೆ ಹೇಳಲು ಹೆದರಿಕೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.”

ಬೀರಪ್ಪ ಟವಲಿನಿಂದ ಮುಖ ಒರೆಸಿಕೊಂಡರು.

“ಕುರಿ ಕುಂಟಿದ್ರ ದೂರದಿಂದನ ಗೊತ್ತಾಗ್ತೈತಿ ನನಗ. ಮನ್ಯಾಗಿನ ಮಗಳದು ಗೊತ್ತಾಗಲಿಲ್ಲ ನೋಡ್ರಿ.” ಕೈ ಚಾಚಿದರು. “ಪೆನ್ನು ಕೊಡ್ರಿ.”

ಇಲ್ಲಿನ ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಸಂಜೆ ಮೈಸೂರಿನಿಂದ ಅಮ್ಮನ ಫೋನು. “ಚೆನ್ನಾಗಿದೀಯೇನೇ?” ಎರಡು ವರ್ಷದಿಂದ ನಾನು ಬಟ್ಟೀ ಹಾಕಿದ ಉತ್ತರ ನಾಲಿಗೆಯ ಮೇಲೇ ಇತ್ತು. ಅವತ್ತು ಹೇಳಲಾಗಲಿಲ್ಲ.

“ಇಲ್ಲಮ್ಮ. ಇಲ್ಲಿ ನಂಗೆ ಯಾರೂ ಇಲ್ಲ ಅನ್ಸುತ್ತೆ.”

“ಹಾಗಾದ್ರೆ ನಾಳೆನೇ ಬಂದ್ಬಿಡು.”

“ಹೇಗಮ್ಮ ಬರ್ಲಿ?” ಅಂದೆ. “ಮಕ್ಕಳು ಕಾಯ್ತಿರ್ತಾರೆ.”